ಸೂಪರ್‌ನೋವಾ ಅಲಾರ್ಮ್ ತಾಲೀಮು: ಗೋವಾ ನೋಡ್ ತಾಳೆಯಾಗುತ್ತಿಲ್ಲ, ಸುಳ್ಳು ಅಲಾರ್ಮ್ ವಿಪರೀತ

ಪ್ರಶ್ನೆ: ಔಂಧ್, ಪುಣೆ

ದೊಡ್ಡ ನಕ್ಷತ್ರ ಕುಸಿದು ಸಿಡಿದಾಗ (ಸೂಪರ್‌ನೋವಾ) ಅದರ ನ್ಯೂಟ್ರಿನೊ ಕಣಗಳು ಬೆಳಕಿಗಿಂತ ಮೊದಲೇ ಬರುತ್ತವೆ; ಅವನ್ನು ಹಿಡಿದು ಮುನ್ನೆಚ್ಚರಿಕೆ ಕೊಡುವ ಜಗತ್ತಿನ ಡಿಟೆಕ್ಟರ್‌ಗಳ ಜಾಲ ಸ್ನ್ಯೂಸ್. ಅದು ಹೇಗೆ ನಡೆಯುತ್ತದೆ ಎಂದು ವಿದ್ಯಾರ್ಥಿಗಳಿಗೆ ಮಾಡಿ ತೋರಿಸಲು ಪುಣೆ, ಮುಂಬಯಿ, ಗೋವಾದಲ್ಲಿ ಒಂದೊಂದು ಪುಟ್ಟ ಕಂಪ್ಯೂಟರ್ (ನೋಡ್) ಇಟ್ಟಿದ್ದೇವೆ. ನಿಜವಾದ ಡಿಟೆಕ್ಟರ್ ಇಲ್ಲ. ಪ್ರತಿ ನೋಡ್ ಸೆಕೆಂಡಿಗೆ ಸರಾಸರಿ 0.1ರಂತೆ ಹಿನ್ನೆಲೆ ಘಟನೆಗಳನ್ನು, ಅಂದರೆ ಸೂಪರ್‌ನೋವಾದಿಂದ ಬಾರದ ಸಂಕೇತಗಳನ್ನು, ತಾನೇ ಹುಟ್ಟಿಸುತ್ತದೆ. 10 ಸೆಕೆಂಡಿನೊಳಗೆ 5 ಘಟನೆ ಬಿದ್ದರೆ ಪುಣೆಯ ಸರ್ವರಿಗೆ ಅಲಾರ್ಮ್ ಹೋಗುತ್ತದೆ. ಎರಡು ನೋಡ್‌ಗಳ ಅಲಾರ್ಮ್ 10 ಸೆಕೆಂಡಿನೊಳಗೆ ತಾಳೆಯಾದರೆ ಎಲ್ಲರ ಫೋನೂ ಬಡಿದುಕೊಳ್ಳುತ್ತದೆ.

ತೊಂದರೆ ಎರಡು. ದಿನಕ್ಕೆ ಹತ್ತಿರಹತ್ತಿರ 20 ಸುಳ್ಳು ಅಲಾರ್ಮ್ ಬರುತ್ತಿವೆ. ಇನ್ನೊಂದು, ರಾತ್ರಿ 10ಕ್ಕೆ ಪುಣೆಯಿಂದ ಆಜ್ಞೆ ಕೊಟ್ಟು ಮೂರೂ ಕಡೆ ಒಟ್ಟಿಗೆ ಕೃತಕ ಸ್ಫೋಟ (ಘಟನೆಗಳ ಒಂದು ಗುಂಪು) ಹಾಕಿದಾಗ ಪುಣೆ, ಮುಂಬಯಿ ತಾಳೆಯಾಗುತ್ತವೆ, ಗೋವಾದ ಸಮಯ ಮಾತ್ರ ಸದಾ 18 ಸೆಕೆಂಡ್ ಮುಂದೆ ಇರುತ್ತದೆ. ಮೊದಲೆರಡು ನೋಡ್ ಎನ್‌ಟಿಪಿ (ನೆಟ್ ಮೂಲಕ ಗಡಿಯಾರ ಸರಿಯಿಡುವ ವ್ಯವಸ್ಥೆ) ಮೇಲೆ ಓಡುತ್ತವೆ. ಗೋವಾದಲ್ಲಿ ನೆಟ್ ಸರಿಯಿಲ್ಲವೆಂದು ಜಿಪಿಎಸ್ ರಿಸೀವರ್ ಹಾಕಿದ್ದೇವೆ. ತಾಳೆ ನೋಡುವ ಅಂತರವನ್ನು 30 ಸೆಕೆಂಡಿಗೆ ಏರಿಸಿದರೆ ಆದೀತೇ? ನಿಜವಾದ ಎಚ್ಚರಿಕೆ ಬಂದ ದಿನ ಮೊದಲು ಏನು ಮಾಡಬೇಕು?

ಉತ್ತರ: ಚೆಂಬೂರು, ಮುಂಬಯಿ

30ಕ್ಕೆ ಏರಿಸಬೇಡಿ. ಸುಳ್ಳು ಮೂರು ಪಟ್ಟಾಗುತ್ತದೆ, ಗಡಿಯಾರದ ದೋಷ ಒಳಗೇ ಉಳಿಯುತ್ತದೆ. ಭೂಮಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ನ್ಯೂಟ್ರಿನೊ ದಾಟಲು ಹೆಚ್ಚೆಂದರೆ 42 ಮಿಲಿಸೆಕೆಂಡ್ ಸಾಕು. 10 ಸೆಕೆಂಡ್ ಅನ್ನುವುದೇ ಧಾರಾಳ.

ಸುಳ್ಳಿನ ಲೆಕ್ಕ ಕೈಯಲ್ಲೇ ಹಾಕಬಹುದು. ಎರಡು ನೋಡ್‌ಗಳ ಅಲಾರ್ಮ್ ದರಗಳನ್ನು (ಸೆಕೆಂಡಿಗೆ ಎಷ್ಟು ಎಂದು) ಗುಣಿಸಿ, ಅದನ್ನು ಅಂತರದ ಎರಡರಷ್ಟರಿಂದ, ಅಂದರೆ 20ರಿಂದ ಗುಣಿಸಿ. ನಿಮ್ಮ ಮಿತಿಗೆ ಪ್ರತಿ ನೋಡ್ ಗಂಟೆಗೆ ಸುಮಾರು 7 ಅಲಾರ್ಮ್ ಕೊಡುತ್ತದೆ. ಒಂದು ಜೋಡಿಗೆ ದಿನಕ್ಕೆ 6ರ ಮೇಲೆ, ಮೂರು ಜೋಡಿಗೆ 20ರ ಆಸುಪಾಸು. ನೀವು ಕಂಡದ್ದೂ ಅಷ್ಟೇ, ಹಾಗಾಗಿ ನಿಮ್ಮ ಪ್ರೋಗ್ರಾಂ ಸರಿಯಿದೆ, ಮಿತಿ ತಪ್ಪಿದೆ.

ಸ್ನ್ಯೂಸ್ ಪ್ರತಿ ಡಿಟೆಕ್ಟರಿಗೆ ಸರಾಸರಿ ವಾರಕ್ಕೊಂದಕ್ಕಿಂತ ಹೆಚ್ಚು ಅಲಾರ್ಮ್ ಬೇಡ ಎನ್ನುತ್ತಿದ್ದುದು ಇದಕ್ಕೇ. ವಾರಕ್ಕೊಂದರಂತೆ ಕೊಡುವ ಎರಡು ಡಿಟೆಕ್ಟರ್ ಸುಮ್ಮಸುಮ್ಮನೆ ತಾಳೆಯಾಗುವುದು 580 ವರ್ಷಕ್ಕೊಮ್ಮೆ. ನಾಲ್ಕಿದ್ದರೆ ಆರು ಜೋಡಿ, ಸುಮಾರು 97 ವರ್ಷ. ನಮ್ಮ ಆಕಾಶಗಂಗೆಯಲ್ಲಿ ಇಂಥ ಸ್ಫೋಟವೇ ಶತಮಾನಕ್ಕೆ ಒಂದೋ ಎರಡೋ ಇರುವಾಗ ಸುಳ್ಳು ಅದಕ್ಕಿಂತ ಹೆಚ್ಚಾದರೆ ಯಾರೂ ದೂರದರ್ಶಕ ತಿರುಗಿಸುವುದಿಲ್ಲ. ಜೋಡಿಯಲ್ಲಿ ಒಂದು ಡಿಟೆಕ್ಟರ್ ಕೆಟ್ಟು ಗಂಟೆಗೊಮ್ಮೆ ಕೂಗತೊಡಗಿದರೆ 580 ವರ್ಷ ಮೂರೂವರೆಗೆ ಇಳಿಯುತ್ತದೆ.

ನಿಮ್ಮ ಹಿನ್ನೆಲೆಗೆ 10 ಸೆಕೆಂಡಿನಲ್ಲಿ 9 ಘಟನೆ ಎಂದು ಇಡಿ. ಆಗ ನೋಡ್ 11 ದಿನಕ್ಕೊಮ್ಮೆ ಕೂಗುತ್ತದೆ. 8 ಇಟ್ಟರೆ 33 ಗಂಟೆಗೊಮ್ಮೆ, ಅದು ಸಾಲದು.

ಆದರೆ ನಿಜವಾದ ಹಿನ್ನೆಲೆ ಇಷ್ಟು ಸಭ್ಯವಲ್ಲ. ಬಾಹ್ಯಾಕಾಶದ ಕಿರಣಗಳಿಂದ ಹುಟ್ಟಿ ಮೇಲಿಂದ ಬೀಳುವ ಮ್ಯುಆನ್ ಎಂಬ ಕಣ ಡಿಟೆಕ್ಟರಿನ ನೀರಿನ ಆಮ್ಲಜನಕವನ್ನು ಒಡೆದರೆ ಅದರ ಚೂರುಗಳು ಮುಂದಿನ ಸೆಕೆಂಡುಗಳಲ್ಲಿ ಗುಂಪಾಗಿ ಕ್ಷಯಿಸುತ್ತವೆ. ಬೆಳಕು ಹಿಡಿಯುವ ಫೋಟೊಟ್ಯೂಬ್ ಒಂದು ತಾನೇ ಮಿನುಗಿದರೂ ಗುಂಪೇ. ಜಪಾನಿನ ದೊಡ್ಡ ನೀರಿನ ತೊಟ್ಟಿಯ ಡಿಟೆಕ್ಟರ್ ಸೂಪರ್-ಕಮಿಯೋಕಾಂಡೆಯಲ್ಲಿ ಘಟನೆಗಳು ತೊಟ್ಟಿಯಲ್ಲಿ ಎಲ್ಲೆಲ್ಲಿ ಬಿದ್ದವೆಂದು ನೋಡುತ್ತಾರೆ: ಒಂದೇ ಬಿಂದುವಿನಲ್ಲಿದ್ದರೆ ಮಿನುಗುವ ಟ್ಯೂಬ್, ಗೆರೆಯಾಗಿದ್ದರೆ ಮ್ಯುಆನ್, ತೊಟ್ಟಿಯ ತುಂಬ ಸಮನಾಗಿ ಹರಡಿದ್ದರೆ ಮಾತ್ರ ಸೂಪರ್‌ನೋವಾ. ನಮ್ಮ ಕೋಲಾರದ ಗಣಿಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊ ಸಿಕ್ಕಿದ್ದೂ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು ಈ ಮ್ಯುಆನ್ ಕಾಟ ತಪ್ಪಿಸಿಕೊಂಡ ಮೇಲೆಯೇ. ನಿಮ್ಮ ನೋಡ್‌ಗೂ ಆಗಾಗ ಇಂಥ ಗುಂಪು ಹಾಕಿ, ವಿದ್ಯಾರ್ಥಿಗಳು ಗುರುತಿಸಲಿ.

ಉತ್ತರ: ಪಿಂಪ್ರಿ

ಆ 18 ನೋಡಿದ ಕೂಡ್ಲೆ ರೋಗ ತಿಳೀತದ್ರಿ. ಯುಟಿಸಿ ಅಂದ್ರ ಜಗತ್ತಿನ ಪ್ರಮಾಣ ಸಮಯ, ಭೂಮಿ ತಿರುಗೋದಕ್ಕ ಹೊಂದಿಸಾಕ ಅದಕ್ಕ ಆಗಾಗ ಒಂದು ಲೀಪ್ ಸೆಕೆಂಡ್ ಸೇರಸ್ತಿದ್ರು. ಜಿಪಿಎಸ್ ಸಮಯಕ್ಕ ಲೀಪ್ ಸೆಕೆಂಡ್ ಇಲ್ಲ. 2017ರ ಜನವರಿಯಿಂದ ಅದು ಯುಟಿಸಿಗಿಂತ ಸರಿಯಾಗಿ 18 ಸೆಕೆಂಡ್ ಮುಂದ ಐತಿ. ನಿಮ್ಮ ರಿಸೀವರ್ ಯುಟಿಸಿ ಬದಲು ಜಿಪಿಎಸ್ ಸಮಯನ ಕೊಡಾಕತ್ತದ.

ಸೆಟ್ಟಿಂಗ್ ಬದಲಿಸಿ ಬಿಟ್ಟರ ಮುಗೀಲಿಲ್ರಿ. ಲೀಪ್ ಸೆಕೆಂಡ್ ಲೆಕ್ಕ ಉಪಗ್ರಹದ ಸಂದೇಶದಾಗ 12.5 ನಿಮಿಷಕ್ಕ ಒಮ್ಮೆ ಬರ್ತದ. ಮಳಿಗಾಲದಾಗ ಕರೆಂಟ್ ಹೋಗಿ ರಿಸೀವರ್ ಮೊದಲಿಂದ ಶುರು ಆತಂದ್ರ, ಅಲ್ಲೀತನಕ ತಪ್ಪು ಸಮಯ ಕೊಡಬಹುದು. ಲೀಪ್ ಸೆಕೆಂಡ್ ಖಾತ್ರಿ ಆಗೇತಿ ಅನ್ನೋ ಗುರುತು ರಿಸೀವರ್ ಕೊಡೋತನಕ ಆ ನೋಡಿನಿಂದ ಅಲಾರ್ಮ್ ಕಳಸಬ್ಯಾಡ್ರಿ. ಸರ್ವರಿಗೂ ಒಂದು ಕಾವಲು ಹಾಕ್ರಿ: ಎರಡು ನೋಡಿನ ನಡುವ 18 ಸೆಕೆಂಡ್ ಇಲ್ಲಾ 19,800 ಸೆಕೆಂಡ್ ಫರಕು ಕಂಡ್ರ ತಕ್ಷಣ ತಿಳಸಬೇಕು. ಎರಡನೇದು ಐದೂವರೆ ತಾಸು, ಅಂದ್ರ ಯಾರೋ ಭಾರತೀಯ ಸಮಯ ಬರದಾರ.

ಸಣ್ಣ ವಿಷಯ ಅಲ್ರಿ ಇದು. 1987ರ ಫೆಬ್ರವರಿ 23ಕ್ಕ ಒಂದು ಸೂಪರ್‌ನೋವಾದ ನ್ಯೂಟ್ರಿನೊ ಬಂದಾಗ ಜಪಾನಿನ ಕಮಿಯೋಕಾಂಡೆ 11, ಅಮೆರಿಕದ ಐಎಂಬಿ 8, ರಷ್ಯಾದ ಬಕ್ಸಾನ್ 5 ಘಟನೆ ಹಿಡಿದ್ವು. ಕಮಿಯೋಕಾಂಡೆ ಗಡಿಯಾರ ಒಂದು ನಿಮಿಷದಷ್ಟು ಆಕಡೆ ಈಕಡೆ ಇತ್ತು. ಅದಕ್ಕ ಕಮಿಯೋಕಾಂಡೆ, ಐಎಂಬಿ ಎರಡರ ಘಟನೆಗಳ ಸಾಲನ್ನ ಮಿಲಿಸೆಕೆಂಡ್ ಮಟ್ಟಕ್ಕ ಜೋಡಿಸಾಕ ಇವತ್ತಿಗೂ ಆಗೂದಿಲ್ಲ.

ಉತ್ತರ: ಮಡಗಾಂವ್, ಗೋವಾ

ನೋಡ್ ಸುಮ್ಮನಿದ್ದರೆ ಏನೂ ಆಗಿಲ್ಲವೋ, ನೋಡೇ ಸತ್ತಿದೆಯೋ ಎಂದು ಸರ್ವರಿಗೆ ತಿಳಿಯಬೇಕು. ನಿಮಿಷಕ್ಕೊಂದು "ಬದುಕಿದ್ದೇನೆ" ಸಂದೇಶ ಕಳಿಸಿ. ಒಂದೇ ನೋಡ್ ತನ್ನ ಅಲಾರ್ಮನ್ನು ಪರಿಷ್ಕರಿಸಿ ಮತ್ತೆ ಕಳಿಸಿದರೆ ಅದನ್ನು ಎರಡನೆಯ ಸಾಕ್ಷಿಯೆಂದು ಎಣಿಸಬೇಡಿ. ಒಂದೇ ಪ್ರಯೋಗಾಲಯದ ಎರಡು ಡಿಟೆಕ್ಟರ್ ತಾಳೆಯಾದರೆ ಸ್ನ್ಯೂಸ್ ಅದನ್ನು ನಂಬಲರ್ಹ ಎಚ್ಚರಿಕೆಯ ಗೋಲ್ಡ್ ದರ್ಜೆಗೆ ಏರಿಸುತ್ತಿರಲಿಲ್ಲ, ಒಂದೇ ವಿದ್ಯುತ್ ದೋಷ ಎರಡನ್ನೂ ಕೆಣಕಬಹುದು ಎಂದು.

ನಿಜವಾದ ಎಚ್ಚರಿಕೆಗೆ ಸ್ನ್ಯೂಸ್‌ನ ಸಾರ್ವಜನಿಕ ಮೇಲ್ ಪಟ್ಟಿಗೆ ಯಾರು ಬೇಕಾದರೂ ಸೇರಬಹುದು. ಆ ವಿಳಾಸವನ್ನು ಸ್ಪ್ಯಾಮ್‌ಗೆ ಬೀಳದಂತೆ ಗುರುತು ಮಾಡಿಟ್ಟು, ಅದರ ಮೇಲಿಗೆ ಮಾತ್ರ ಫೋನ್ ಜೋರಾಗಿ ಹೊಡೆಯುವಂತೆ ಮಾಡಿ. ಮೊದಲ ಸಂದೇಶದಲ್ಲಿ ದಿಕ್ಕು ಇರದೇ ಹೋಗಬಹುದು. ದಿಕ್ಕು ಮುಖ್ಯವಾಗಿ ಸೂಪರ್-ಕಮಿಯೋಕಾಂಡೆಯಿಂದ ಬರಬೇಕು, ಕೆಲವು ಡಿಗ್ರಿ ಅಗಲದ ವೃತ್ತವಾಗಿ. ಫುಲ್‌ಫ್ರೇಮ್ ಕ್ಯಾಮೆರಾಗೆ 50 ಮಿಮೀ ಲೆನ್ಸ್ ಹಾಕಿದರೆ 40ಕ್ಕೆ 27 ಡಿಗ್ರಿ ಆಕಾಶ ಸಿಗುತ್ತದೆ, ವೃತ್ತ ಅದರೊಳಗೆ ಆರಾಮಾಗಿ ಕೂರುತ್ತದೆ. ಟ್ರೈಪಾಡ್ ಮೇಲಿಟ್ಟು ಕೂಡಲೇ ಚಿತ್ರ ತೆಗೆಯಲು ಶುರು ಮಾಡಿ, ನಿಲ್ಲಿಸಬೇಡಿ. ಸ್ಫೋಟದ ಆಘಾತದ ಅಲೆ ನಕ್ಷತ್ರದ ಮೇಲ್ಮೈಗೆ ಬಂದ ಮೇಲೆಯೇ ಬೆಳಕು ಕಾಣುವುದು; ಅದಕ್ಕೆ ಸಣ್ಣ ನಕ್ಷತ್ರದಲ್ಲಿ ನಿಮಿಷಗಳೇ ಸಾಕು, ಕೆಂಪು ಮಹಾದೈತ್ಯನಲ್ಲಿ ಒಂದು ದಿನವೂ ಹಿಡಿಯಬಹುದು. ಸ್ಫೋಟದ ಬೆಳಕು ಕಾಣುವ ಮುಂಚಿನ ಚಿತ್ರವೇ ಅತ್ಯಂತ ಅಮೂಲ್ಯ.

1987ರ ಸೂಪರ್‌ನೋವಾ ನಡೆದ ದೊಡ್ಡ ಮೆಗಲನ್ ಮೋಡ (ನಮ್ಮ ಪಕ್ಕದ ಒಂದು ಗೆಲಾಕ್ಸಿ) ಪುಣೆಯಿಂದ ದಿಗಂತದ ಮೇಲೆ 2 ಡಿಗ್ರಿ ಅಷ್ಟೇ ಏರುತ್ತದೆ, ಗೋವಾದಿಂದ 5. ಅಲ್ಲಿ ಮತ್ತೆ ಆದರೆ ಇಲ್ಲಿನ ಕಡಲತೀರಕ್ಕೆ ಓಡಿ ಬರಬೇಕು.

ಮತ್ತೆ ಪ್ರಶ್ನೆ: ಔಂಧ್, ಪುಣೆ

ಎಲ್ಲರಿಗೂ ಧನ್ಯವಾದ. ಗೋವಾದ ರಿಸೀವರ್ ಸರಿಮಾಡಿದೆವು, 18 ಸೆಕೆಂಡ್ ಹೋಯಿತು. ಆದರೆ ಮಿತಿ 9 ಇಟ್ಟ ಮೇಲೆ 7 ಘಟನೆಯ ದುರ್ಬಲ ಸ್ಫೋಟ ಹಾಕಿದರೆ ಯಾವ ನೋಡೂ ಕೂಗುವುದಿಲ್ಲ.

ಉತ್ತರ: ಚೆಂಬೂರು, ಮುಂಬಯಿ

10 ಸೆಕೆಂಡಿನ ಜೊತೆಗೆ 2 ಸೆಕೆಂಡಿನ ಎಣಿಕೆಯನ್ನೂ ಓಡಿಸಿ, ಅದರಲ್ಲಿ 6 ಬಿದ್ದರೆ ಅಲಾರ್ಮ್. ಹಿನ್ನೆಲೆಯಿಂದ ಅದು ಬರುವುದು 51 ದಿನಕ್ಕೊಮ್ಮೆ. ಎರಡೂ ಸೇರಿ 9 ದಿನಕ್ಕೊಂದು, ವಾರದ ಮಿತಿಯೊಳಗೇ ಇರುತ್ತೀರಿ.

ಕಾರಣ, ಸೂಪರ್‌ನೋವಾ ತನ್ನ ನ್ಯೂಟ್ರಿನೊಗಳನ್ನು ಸಮನಾಗಿ ಹಂಚುವುದಿಲ್ಲ. ಕಮಿಯೋಕಾಂಡೆಯ 11ರಲ್ಲಿ 8 ಘಟನೆ ಮೊದಲ 2 ಸೆಕೆಂಡಿನಲ್ಲೇ ಬಿದ್ದವು. ಆಮೇಲೆ 7 ಸೆಕೆಂಡ್ ಮೌನ, ಕೊನೆಗೆ 9.2, 10.4, 12.4ನೆಯ ಸೆಕೆಂಡಿನಲ್ಲಿ ಮೂರು. ನಿಮ್ಮ 9ರ ಮಿತಿಯನ್ನು ಅದು ಕೂದಲೆಳೆಯಷ್ಟರಲ್ಲಿ ಮುಟ್ಟುತ್ತಿತ್ತು. ಇದೇ ಸಮಯಗಳನ್ನು ನಾಳೆ ರಾತ್ರಿಯ ತಾಲೀಮಿಗೆ ಹಾಕಿ ನೋಡಿ.