ಕ್ಯಾರಿಯರ್ ತಾಯಿಗೆ ಕನ್ನಡದಲ್ಲಿ ಏನನ್ನಬೇಕು? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕೇ ಪುಟ. ಅಲನ್-ಹರ್ನ್‌ಡನ್-ಡಡ್ಲಿ ಸಿಂಡ್ರೋಮ್ ಇರುವ ಮಕ್ಕಳ ಮನೆಯವರ ಕೈಗೆ ಕೊಡುವಂಥದ್ದು. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೂರೂವರೆ ಪುಟ ಮುಗಿದಿದೆ, ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ವಿಷಯ ಇಷ್ಟು. ಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ಇದ್ದರೆ ಸಾಲದು, ಮಿದುಳಿನ ಒಳಕ್ಕೆ ಹೋಗಬೇಕು. ಅದನ್ನು ಒಳಗೆ ದಾಟಿಸುವ ಪ್ರೋಟೀನು ಎಂಸಿಟಿ8. ಈ ಪ್ರೋಟೀನನ್ನು ಮಾಡಿಸುವ ಜೀನ್ ಎಸ್‌ಎಲ್‌ಸಿ16ಎ2, ಅದು ಎಕ್ಸ್ ಕ್ರೋಮೋಸೋಮಿನಲ್ಲಿದೆ (ಕ್ರೋಮೋಸೋಮ್ ಅಂದರೆ ಜೀನುಗಳಿರುವ ಎಳೆ, ವರ್ಣತಂತು; ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ). ಜೀನ್ ಸರಿಯಿಲ್ಲದಿದ್ದರೆ ರಕ್ತದಲ್ಲಿ ಟಿ3 ಅನ್ನುವ ಥೈರಾಯ್ಡ್ ಹಾರ್ಮೋನು ಜಾಸ್ತಿ ಇರುತ್ತದೆ, ಮಿದುಳಿಗೆ ಮಾತ್ರ ಬರಗಾಲ. ಮಗುವಿಗೆ ಕತ್ತು ನಿಲ್ಲುವುದಿಲ್ಲ. ಹೆಚ್ಚಿನವರಿಗೆ ನಡಿಗೆ ಬರುವುದಿಲ್ಲ, ಮಾತು ಬರುವುದಿಲ್ಲ, ಬುದ್ಧಿಯ ಬೆಳವಣಿಗೆಯೂ ತುಂಬಾ ಹಿಂದೆ ಉಳಿಯುತ್ತದೆ. ಕಾಣಿಸುವುದು ಗಂಡುಮಕ್ಕಳಲ್ಲಿ, ಹೆಣ್ಣುಮಕ್ಕಳಲ್ಲಿ ತೀರಾ ಅಪರೂಪ. ಸಾಮಾನ್ಯವಾಗಿ ತನಗೆ ಕಾಯಿಲೆ ಇಲ್ಲದೆ, ಒಂದು ಎಕ್ಸ್‌ನಲ್ಲಿ ಮಾತ್ರ ಈ ಜೀನ್ ಸರಿಯಿಲ್ಲದ ತಾಯಿಗೆ ಇಂಗ್ಲಿಷಿನಲ್ಲಿ ಕ್ಯಾರಿಯರ್ ಅನ್ನುತ್ತಾರೆ.

ಈಗ ನನ್ನ ವಾಕ್ಯ. ನಿಘಂಟು ಹೇಳಿದ ಹಾಗೇ ಬರೆದದ್ದು:

"ವಂಶವಾಹಿಯಲ್ಲಿ ವಿಕೃತಿ ಇದ್ದರೆ ವಾಹಕ ಪ್ರೋಟೀನು ಕೆಲಸ ಮಾಡುವುದಿಲ್ಲ, ತಾಯಿ ಇದರ ವಾಹಕಿಯಾಗಿರಬಹುದು, ಅಂಥ ತಾಯಿಯ ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ ಬರುತ್ತದೆ."

ಒಂದೇ ವಾಕ್ಯದಲ್ಲಿ ಮೂರು 'ವಾಹ'. ಜೋರಾಗಿ ಓದಿ ನೋಡಿದೆ. ಯಾವುದು ಯಾವುದನ್ನು ಹೊರುತ್ತಿದೆ ಅಂತ ನನಗೇ ತಿಳಿಯಲಿಲ್ಲ. ರೋಗವಾಹಕ ಅಂದರೆ ಜನರಿಗೆ ಸೊಳ್ಳೆ ನೆನಪಾಗುತ್ತದೆ, ಆ ಪದವನ್ನು ತಾಯಿಗೆ ಹಚ್ಚಲು ಮನಸ್ಸಿಲ್ಲ. ಕ್ಯಾರಿಯರ್ ಅಂತಲೇ ಬಿಟ್ಟರೆ ಸೈಕಲ್ಲಿನ ಹಿಂಭಾಗ. ಮೂರಕ್ಕೂ ಬೇರೆ ಬೇರೆ ಪದ ಬೇಕು. ದಯವಿಟ್ಟು ಬೇಗ ಹೇಳಿ.

ಮರು 1

ಹೊರುಗಿತ್ತಿ.

ಹೊರು + ಗ = ಹೊರುಗ. ಹೆಣ್ಣಿಗೆ ಹೊರುಗಿತ್ತಿ. ಮದುವಣಿಗ, ಮದುವಣಗಿತ್ತಿ ಇದ್ದ ಹಾಗೆ. ಹಳಗನ್ನಡದಲ್ಲಿ ಪೊಱು, ತಮಿಳಿನಲ್ಲೂ ಅದೇ, ನಮ್ಮಲ್ಲಿ ಪ ಹೋಗಿ ಹ ಬಂತು. ಬೇರು ನಮ್ಮದು, ಒಟ್ಟು (ಪ್ರತ್ಯಯ) ನಮ್ಮದು. ಒಂಬತ್ತು ತಿಂಗಳು ಹೊತ್ತು ಹೆತ್ತವಳು ಅಂತ ತಾಯಿಗೆ ಹೇಳುವುದೂ ಇದೇ ಮಾತಿನಿಂದ. ಇಷ್ಟು ಚೆನ್ನಾಗಿ ಹೊಂದುವ ಪದ ಕೈಯಲ್ಲಿರುವಾಗ ವಾಹಕಿ ಯಾಕೆ? ವಂಶವಾಹಿಯನ್ನೂ ಬಿಡಿ. 'ತಳಿ' ಇದೆಯಲ್ಲ, ತಳಿವಿಜ್ಞಾನ ಅಂತ ಪಠ್ಯಪುಸ್ತಕಗಳೇ ಒಪ್ಪಿವೆ. ಪ್ರೋಟೀನಿಗೆ 'ಸಾಗಿಸುವ' ಹಾಕಿ. ಮುಗಿಯಿತು.

ಮರು 2

> ಹೊರುಗಿತ್ತಿ

ಯಾರ ಬಾಯಲ್ಲೂ ಇಲ್ಲದ ಪದ. ಕರಪತ್ರದಲ್ಲಿ ಹುಟ್ಟಿ ಕರಪತ್ರದಲ್ಲೇ ಸಾಯುತ್ತದೆ.

ಆದರೆ ವಾಹಕಿಯೂ ತಪ್ಪು. ಸಂಸ್ಕೃತದಲ್ಲಿ ವಾಹಕಕ್ಕೆ ಸ್ತ್ರೀಲಿಂಗ ವಾಹಿಕಾ. ಕನ್ನಡಕ್ಕೆ ಬಂದಾಗ ವಾಹಿಕೆ. ಅದನ್ನೇ ಬರೆಯಿರಿ. ವಹ್ ಧಾತು ಎಷ್ಟು ವಿಶಾಲವಾದದ್ದು ನೋಡಿ. ಪ್ರವಾಹ, ನಿರ್ವಾಹ, ವಾಹನ ಎಲ್ಲ ಅದರಿಂದಲೇ. ವಿವಾಹವೂ ಅದರಿಂದಲೇ. ಸೊಳ್ಳೆ ನೆನಪಾದರೆ ಅದು ಧಾತುವಿನ ತಪ್ಪಲ್ಲ. ವಂಶವಾಹಿಯನ್ನಂತೂ ಮುಟ್ಟಲೇಬೇಡಿ. ವಂಶ ಅಂದರೆ ಮೊದಲ ಅರ್ಥ ಬಿದಿರು. ಗೆಣ್ಣಿನಿಂದ ಗೆಣ್ಣಿಗೆ ಬೆಳೆಯುತ್ತಾ ಹೋಗುವುದು. ತಲೆಮಾರಿನಿಂದ ತಲೆಮಾರಿಗೆ ಸಾಗುವ ಗುಣಕ್ಕೆ ಇದಕ್ಕಿಂತ ಚಂದದ ಚಿತ್ರ ಬೇರೆ ಭಾಷೆಯಲ್ಲಿ ಸಿಗುತ್ತದಾ?

ಇನ್ನೊಂದು ಮಾತು. 'ಎಕ್ಸ್' ಯಾಕೆ? ಎಕ್ಸ್-ರೇಗೆ ಕ್ಷ-ಕಿರಣ ಅಂತ ಒಪ್ಪಿಕೊಂಡಿದ್ದೇವೆ. ಹಾಗೇ ಕ್ಷ-ವರ್ಣತಂತು ಆಗಲಿ.

ಮರು 3

ಜೀವಶಾಸ್ತ್ರ ಕಲಿಸುವವಳು ನಾನು. ಪದದ ಮಾತು ಆಮೇಲೆ. ಮೊದಲು ವಾಕ್ಯದ ಒಳಗಿನ ತಪ್ಪು ಸರಿ ಮಾಡಿ, ಇಲ್ಲದಿದ್ದರೆ ಪದ ಎಷ್ಟು ಚೆನ್ನಾಗಿದ್ದರೂ ಮನೆಯವರು ದಾರಿ ತಪ್ಪುತ್ತಾರೆ.

> ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕಾಯಿಲೆ ಬರುತ್ತದೆ

ಇದನ್ನು ಓದಿದವರು ಏನು ಅಂದುಕೊಳ್ಳುತ್ತಾರೆ ಗೊತ್ತಾ? ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಅಂತ. ಹಾಗಲ್ಲ. ಪ್ರತಿ ಬಸಿರಿನಲ್ಲೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮಗ ಆದರೆ ಕಾಯಿಲೆ ಬರುವ ಸಾಧ್ಯತೆ 2ರಲ್ಲಿ 1. ಮಗಳಾದರೆ ಅಮ್ಮನ ಹಾಗೇ ಒಂದು ಬದಲಾದ ಎಕ್ಸ್ ಪಡೆಯುವ ಸಾಧ್ಯತೆ 2ರಲ್ಲಿ 1. 'ಪ್ರತಿ ಸಲವೂ' ಅನ್ನುವ ಎರಡು ಪದ ಬಿಡಲೇಬೇಡಿ. ಇನ್ನೊಂದು, ಎಲ್ಲ ತಾಯಂದಿರಲ್ಲೂ ಬದಲಾವಣೆ ಇರುವುದಿಲ್ಲ. ಕೆಲವು ಸಲ ಅದು ಮಗುವಿನಲ್ಲೇ ಹೊಸದಾಗಿ ಮೂಡಿರುತ್ತದೆ. ನೀವು 'ಇರಬಹುದು' ಅಂದದ್ದು ಸರಿ, ಅದು ಹಾಗೇ ಇರಲಿ.

'ವಿಕೃತಿ' ಬೇಡ. ದಯವಿಟ್ಟು ಬೇಡ. ವಿಕೃತ ಅಂದರೆ ದಿನಬಳಕೆಯಲ್ಲಿ ಏನು ಅರ್ಥ ಅಂತ ಎಲ್ಲರಿಗೂ ಗೊತ್ತು. ಪಠ್ಯದ ಉತ್ಪರಿವರ್ತನೆ ತಪ್ಪಲ್ಲ, ಆದರೆ ಮನೆಯವರಿಗೆ ಹಿಡಿಯುವುದಿಲ್ಲ. 'ಬದಲಾವಣೆ' ಸಾಕು.

'ಲಿಂಗ ಸಂಬಂಧಿ ಕಾಯಿಲೆ' ಅಂತ ಎಲ್ಲಾದರೂ ಬರೆದಿದ್ದರೆ ಅದನ್ನೂ ತೆಗೆಯಿರಿ. ಪಠ್ಯದಲ್ಲಿ ಇದೆ, ನಾನೂ ಕಲಿಸಿದ್ದೇನೆ. ಹೊರಗಿನವರು ಓದಿದರೆ ಗುಪ್ತರೋಗ ಅಂದುಕೊಳ್ಳುತ್ತಾರೆ. 'ಎಕ್ಸ್ ಮೂಲಕ ಬರುವ' ಅನ್ನಿ.

ಬಿದಿರಿನ ಚಿತ್ರ ಚೆನ್ನಾಗಿದೆ ಸರ್, ಆದರೆ 'ವಂಶ' ಅಂದ ಕೂಡಲೇ ನಮ್ಮ ಕಿವಿ ಅಪ್ಪನ ಕಡೆ ಹೋಗುತ್ತದೆ. ವಂಶ ಬೆಳಗುವ ಮಗ ಅನ್ನುತ್ತೇವೆ ಅಲ್ವಾ? ಇಲ್ಲಿ ಆಗುವುದು ಅದರ ತಿರುಗುಮುರುಗು. ಅಪ್ಪ ಮಗನಿಗೆ ಕೊಡುವುದು ವೈ. ತನ್ನ ಎಕ್ಸ್ ಕೊಡುವುದು ಮಗಳಿಗೆ ಮಾತ್ರ. ಮಗನ ಎಕ್ಸ್ ಅಮ್ಮನಿಂದಲೇ ಬರುತ್ತದೆ. ಆದ್ದರಿಂದ ಈ ಕರಪತ್ರದ ಮಟ್ಟಿಗೆ 'ಜೀನ್' ಒಳ್ಳೆಯದು.

'ಕ್ಷ' ಕೂಡ ಬೇಡ. 1891ರಲ್ಲಿ ಜರ್ಮನಿಯ ವಿಜ್ಞಾನಿ ಹೆನ್‌ಕಿಂಗ್ ಈ ಕ್ರೋಮೋಸೋಮನ್ನು ಕಂಡು, ಇದು ಏನೋ ತಿಳಿಯದ ವಸ್ತು ಅಂತ ಎಕ್ಸ್ ಅಕ್ಷರ ಇಟ್ಟರು. 1895ರಲ್ಲಿ ರಾಂಟ್‌ಗನ್ ತಮ್ಮ ಕಿರಣಕ್ಕೆ ಅದೇ ಕಾರಣಕ್ಕೆ ಅದೇ ಅಕ್ಷರ ಇಟ್ಟರು. ಅಲ್ಲಿಗೆ ನಿಮ್ಮ ಹೋಲಿಕೆ ಸರಿಯೇ. ಆದರೆ ಮನೆಯವರ ಕೈಯಲ್ಲಿರುವ ವರದಿಯಲ್ಲಿ ಎಕ್ಸ್ ಅಂತ ಇದೆ. ಅವರು ಹುಡುಕುವುದು ಆ ಅಕ್ಷರವನ್ನು.

ಮರು 4

ಮೇಡಂ ಹೇಳಿದ ಲೆಕ್ಕ ಸರಿ. ಪದದ ವಿಷಯದಲ್ಲಿ ಒಪ್ಪುವುದಿಲ್ಲ. ಪ್ರತಿ ಸಲ 'ಮನೆಯವರಿಗೆ ಅರ್ಥವಾಗಲಿ' ಅಂತ ಹೊರಗಿನ ಪದ ಒಳಗೆ ಬಿಡುತ್ತೇವೆ. ಜೀನ್, ಎಕ್ಸ್, ಸಿಂಡ್ರೋಮ್, ಪ್ರೋಟೀನ್, ಹಾರ್ಮೋನ್. ಇನ್ನು ಕನ್ನಡದ್ದು ಅಂತ ಏನು ಉಳಿಯಿತು, ವಿಭಕ್ತಿ ಪ್ರತ್ಯಯವಾ? ಹೊರುಗಿತ್ತಿ ಯಾರ ಬಾಯಲ್ಲೂ ಇಲ್ಲ ಅಂದರು. ವಾಹಿಕೆ ಯಾರ ಬಾಯಲ್ಲಿದೆ? ಬಳಸಿದರೆ ತಾನೇ ಬಾಯಿಗೆ ಬರುವುದು.

ಮರು 5

ನಾಯಕಿ, ಗಾಯಕಿ ಅಂತ ತಪ್ಪು ರೂಪ ರೂಢಿಯಾಗಿದೆ ಅಂತ ಎಲ್ಲ ತಪ್ಪನ್ನೂ ಒಪ್ಪಬೇಕಾಗಿಲ್ಲ. ವಾಹಿಕೆ ವ್ಯಾಕರಣದಿಂದ ಬಂದದ್ದು, ಹೊರುಗಿತ್ತಿ ಹಟದಿಂದ ಬಂದದ್ದು. ಸಾವಿರ ವರ್ಷದಿಂದ ಸಂಸ್ಕೃತ ಪದ ತಂದು ಕನ್ನಡ ಬೆಳೆದಿದೆ. ಅದನ್ನು ಸಾಲ ಅನ್ನುವವರು ಮನೆಯ ಕಂಬವನ್ನೂ ಸಾಲ ಅಂದಾರು.

ಮರು 6

ಎರಡೂ ಕಡೆಯವರು ಸ್ವಲ್ಪ ನಿಲ್ಲಿಸಿ. ನಾಳೆ ಸಂಜೆ ಅಚ್ಚು.

ಈ ಪಟ್ಟಿಯಲ್ಲಿ ನಾನು ಓದುವುದು ಮಾತ್ರ, ಬರೆಯುವುದು ಅಪರೂಪ. ಈ ಕರಪತ್ರ ಯಾರಿಗೆ ಅಂತ ಬರೆಯುತ್ತಿದ್ದೀರೋ ಅಂಥ ತಾಯಿ ನಾನು. ಕಾಯಿಲೆಯ ಹೆಸರು ಬೇರೆ, ಆದರೆ ಅದೂ ಎಕ್ಸ್ ಮೂಲಕ ಬಂದದ್ದೇ.

ಹೊರುಗಿತ್ತಿ ಅಂದವರಿಗೆ ಒಂದು ಮಾತು ಹೇಳಬೇಕು. ಹೊರು ಅಂದರೆ ಹೊತ್ತು ಹೆತ್ತವಳು ಅಂತ ನೀವು ನೆನೆಸಿಕೊಂಡಿರಿ, ಸಂತೋಷ. ಅದೇ ಬೇರಿನಿಂದ ಹೊರೆಯೂ ಇದೆ. 'ತಪ್ಪು ಹೊರಿಸು' ಕೂಡ ಅದರಿಂದಲೇ. ನನಗೆ ಮೊದಲು ಕೇಳಿಸಿದ್ದು ಅದು. ವರದಿ ಬಂದ ದಿನ ಅದನ್ನು ಕನ್ನಡದಲ್ಲಿ ವಿವರಿಸಿದವರು 'ರೋಗವಾಹಕಿ' ಅಂದರು. ಕೆಟ್ಟ ಮನಸ್ಸಿನಿಂದ ಅಲ್ಲ, ಅವರಿಗೆ ಸಿಕ್ಕ ಪದ ಅದು. ಆ ಪದ ಮನೆಗೆ ನನಗಿಂತ ಮೊದಲು ತಲುಪಿತು. ನನಗೆ ರೋಗ ಇಲ್ಲ. ನಾನು ಯಾರಿಗೂ ಏನನ್ನೂ ಅಂಟಿಸಿಲ್ಲ. ನನ್ನ ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ಒಂದು ಬದಲಾವಣೆ ಇದೆ. ನಾನು ಹುಟ್ಟುವಾಗಲೇ ಇತ್ತು, ನನಗೆ ಗೊತ್ತಿರಲಿಲ್ಲ. ಇದನ್ನು ಹೇಳಲು ಒಂದೇ ಪದ ಬೇಕು ಅಂತ ಯಾಕೆ ಹಟ? ಒಂದು ವಾಕ್ಯ ಬರೆಯಿರಿ, ನಾವು ಓದುತ್ತೇವೆ.

ಇನ್ನು, 'ಬುದ್ಧಿಮಾಂದ್ಯ ಮಗು' ಅಂತ ಬರೆದಿದ್ದರೆ ಬದಲಿಸಿ. ಮಾತು ಬರದ ಮಗುವಿಗೆ ಏನೂ ತಿಳಿಯುವುದಿಲ್ಲ ಅಂತ ಅಲ್ಲ. ನನ್ನ ಮಗ ನನ್ನ ಹೆಜ್ಜೆ ಸಪ್ಪಳ ಗುರುತಿಸಿ ತಿರುಗುತ್ತಾನೆ.

ಮರು 7

ಅಮ್ಮಾ, ಬರೆದದ್ದಕ್ಕೆ ಧನ್ಯವಾದ. ಜೀವಶಾಸ್ತ್ರದವಳು ಮತ್ತೆ. ನಿಮ್ಮ ಮಾತಿಗೆ ಎರಡು ಸಂಗತಿ ಸೇರಿಸುತ್ತೇನೆ.

1944ರಲ್ಲಿ ಅಲನ್, ಹರ್ನ್‌ಡನ್, ಡಡ್ಲಿ ಮೂವರೂ ಒಂದು ದೊಡ್ಡ ಕುಟುಂಬದ ಬಗ್ಗೆ ಬರೆದರು. ಆ ಲೇಖನದ ತಲೆಬರಹದಲ್ಲೇ ಇವತ್ತು ಬೈಗುಳವಾಗಿ ಉಳಿದಿರುವ ಪದ ಇತ್ತು. ಆಗ ಅದು ವೈದ್ಯರ ಪದ. ಮನೆಯವರು ಮಾತ್ರ ಕಣ್ಣಿಗೆ ಕಂಡದ್ದನ್ನೇ ಹೆಸರು ಮಾಡಿಕೊಂಡಿದ್ದರು, ಮೆತ್ತಗಿನ ಕತ್ತು ಅನ್ನುವ ಅರ್ಥದ್ದು. ಇವತ್ತಿಗೂ ಆ ಮಾತನ್ನು ನಾಚಿಕೆ ಇಲ್ಲದೆ ಹೇಳಬಹುದು. ಜೀನ್ ಯಾವುದು ಅಂತ ತಿಳಿದದ್ದು 2004ರಲ್ಲಿ, ಅರವತ್ತು ವರ್ಷ ಆದ ಮೇಲೆ.

ಎರಡನೆಯದು, ತಾಯಿಗೆ ಯಾಕೆ ಕಾಯಿಲೆ ಇಲ್ಲ ಅನ್ನುವುದು. ಕರಪತ್ರದಲ್ಲಿ ಇದು ಬರಲೇಬೇಕು. ಹೆಣ್ಣಿನ ಪ್ರತಿ ಜೀವಕೋಶದಲ್ಲೂ ಎರಡು ಎಕ್ಸ್‌ನಲ್ಲಿ ಒಂದು ಸುಮ್ಮನಾಗುತ್ತದೆ. ತಳಿವಿಜ್ಞಾನಿ ಮೇರಿ ಲಯನ್ 1961ರಲ್ಲಿ ಹೇಳಿದ್ದು ಇದನ್ನೇ. ಯಾವುದು ಸುಮ್ಮನಾಗಬೇಕು ಅನ್ನುವುದು ಭ್ರೂಣ ತೀರಾ ಚಿಕ್ಕದಿರುವಾಗಲೇ ಒಂದೊಂದು ಕೋಶದಲ್ಲಿ ಒಂದೊಂದು ಥರ ನಿರ್ಧಾರವಾಗಿ, ಆ ಕೋಶದಿಂದ ಹುಟ್ಟಿದ ಎಲ್ಲ ಕೋಶಗಳೂ ಅದನ್ನೇ ಪಾಲಿಸುತ್ತವೆ. ಕಿತ್ತಳೆ, ಕಪ್ಪು ಬಣ್ಣ ಬೆರೆತ ಬೆಕ್ಕು ನೋಡಿದ್ದೀರಲ್ಲ? ಅದು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ಮೈಮೇಲೆ ಕಾಣುವುದು ಯಾವ ಜಾಗದಲ್ಲಿ ಯಾವ ಎಕ್ಸ್ ಎಚ್ಚರ ಇದೆ ಅನ್ನುವ ನಕ್ಷೆ. ತಾಯಿಯಲ್ಲೂ ಹೀಗೆ ಸಾಕಷ್ಟು ಕೋಶಗಳಲ್ಲಿ ಒಳ್ಳೆಯ ಎಕ್ಸ್ ಕೆಲಸ ಮಾಡುತ್ತಿರುತ್ತದೆ. ಅಪರೂಪಕ್ಕೆ ಇದು ಒಂದೇ ಕಡೆ ಹೋಗಿ, ಹೆಚ್ಚಿನ ಕೋಶಗಳಲ್ಲಿ ಒಳ್ಳೆಯ ಎಕ್ಸೇ ಸುಮ್ಮನಾದಾಗ ಹೆಣ್ಣಿನಲ್ಲೂ ಕಾಯಿಲೆ ಕಾಣಿಸಬಹುದು. ಅದಕ್ಕೆ 'ವಾಲು' ಅನ್ನಿ. ತಕ್ಕಡಿ ವಾಲಿದ ಹಾಗೆ.

ಮರು 8

ಕೇಳಿದವಳು ನಾನೇ. ರಾತ್ರಿಯೆಲ್ಲ ಓದಿದೆ. ವಾಕ್ಯವನ್ನು ಒಡೆದು ಹೀಗೆ ಮಾಡಿದ್ದೇನೆ:

"ಈ ಜೀನಿನಲ್ಲಿ ಬದಲಾವಣೆ ಇದ್ದರೆ ಹಾರ್ಮೋನನ್ನು ಮಿದುಳಿಗೆ ಸಾಗಿಸುವ ಪ್ರೋಟೀನು ಕೆಲಸ ಮಾಡುವುದಿಲ್ಲ. ಈ ಬದಲಾವಣೆ ತಾಯಿಯ ಎರಡು ಎಕ್ಸ್‌ಗಳಲ್ಲಿ ಒಂದರಲ್ಲಿ ಇರಬಹುದು. ಕೆಲವು ಸಲ ತಾಯಿಯಲ್ಲಿ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಮೂಡಬಹುದು. ತಾಯಿಯಲ್ಲಿ ಇದ್ದರೂ ಸಾಮಾನ್ಯವಾಗಿ ಆಕೆಗೆ ಕಾಯಿಲೆ ಇರುವುದಿಲ್ಲ, ಏಕೆಂದರೆ ಇನ್ನೊಂದು ಎಕ್ಸ್ ಕೆಲಸ ಮಾಡುತ್ತಿರುತ್ತದೆ. ವರದಿಯಲ್ಲಿ ಇಂಥ ತಾಯಿಯನ್ನು ಕ್ಯಾರಿಯರ್ ಎಂದು ಬರೆದಿರುತ್ತಾರೆ. ಹೀಗಿರುವ ತಾಯಿಗೆ ಪ್ರತಿ ಸಲವೂ, ಮಗನಾದರೆ ಅವನಿಗೆ ಕಾಯಿಲೆ ಬರುವ ಸಾಧ್ಯತೆ 2ರಲ್ಲಿ 1."

ಮಗಳ ಲೆಕ್ಕ ಅದರ ಮುಂದಿನ ಸಾಲಿನಲ್ಲಿದೆ. ಉದ್ದ ಆಯಿತು. ಪುಟದಲ್ಲಿ ಜಾಗ ಮಾಡಲು ಒಂದು ಚಿತ್ರವನ್ನು ತೆಗೆದುಹಾಕಿಸಿದೆ. ವಾಹಕಿ, ವಾಹಿಕೆ, ಹೊರುಗಿತ್ತಿ ಮೂರನ್ನೂ ಬಿಟ್ಟಿದ್ದೇನೆ. ಬೇಸರ ಬೇಡ. ಸಾಗಿಸುವ, ವಾಲು ಎರಡನ್ನೂ ತೆಗೆದುಕೊಂಡೆ. 'ಬುದ್ಧಿಮಾಂದ್ಯ' ಎರಡು ಕಡೆ ಇತ್ತು, ಎರಡೂ ಕಡೆ 'ಬುದ್ಧಿಯ ಬೆಳವಣಿಗೆ ನಿಧಾನ ಇರುವ' ಅಂತ ಮಾಡಿದೆ.

ಮರು 9

> ಬುದ್ಧಿಯ ಬೆಳವಣಿಗೆ ನಿಧಾನ ಇರುವ

ನಿಧಾನ ಅಂದರೆ ಯಾವತ್ತೋ ಒಂದು ದಿನ ತಲುಪುತ್ತಾನೆ ಅಂತ ಮನೆಯವರು ಕಾಯುತ್ತಾರೆ. ನಾನು ಕಾದಿದ್ದೇನೆ. 'ಹಿಂದೆ ಉಳಿದಿರುವ' ಅನ್ನಿ. ಉಳಿದದ್ದೆಲ್ಲ ಸರಿ ಇದೆ. ವಾಕ್ಯ ಓದಿ ನನಗೆ ಅಳು ಬಂತು, ಒಳ್ಳೆಯ ರೀತಿಯಲ್ಲಿ.

ಮರು 10

ತಿದ್ದಿದೆ ಅಮ್ಮಾ. 'ಹಿಂದೆ ಉಳಿದಿರುವ'. ಕಳಿಸುತ್ತಿದ್ದೇನೆ.

ಮರು 11

ಸಾಗಿಸುವ ತೆಗೆದುಕೊಂಡದ್ದು ಸರಿ. ಹೊರಿಸು ವಿಷಯ ನಾನು ಯೋಚಿಸಿರಲಿಲ್ಲ, ಆ ತಾಯಿ ಹೇಳಿದ್ದು ನ್ಯಾಯ. ಜೀನ್ ಮಾತ್ರ ಇನ್ನೂ ಒಪ್ಪಿಲ್ಲ. ಅದಕ್ಕೆ ಬೇರೆ ಎಳೆ ಶುರು ಮಾಡುತ್ತೇನೆ.