ಟೆಸ್ಟ್ ಡ್ರೈವ್ ಅಂತ ಹತ್ತು ನಿಮಿಷ ಸುತ್ತಿಸಿ ಕಳಿಸ್ತಾರೆ, ನಿಜವಾಗ್ಲೂ ಏನೇನ್ ನೋಡ್ಬೇಕು? (ತುಮಕೂರು)

ಉಪ್ಪಾರಹಳ್ಳಿ_ಹುಡುಗ:

ಎಲ್ರಿಗೂ ನಮಸ್ಕಾರ. ಮನೆಗೆ ಮೊದಲ್ನೇ ಕಾರು ತಗೋತಾ ಇದೀವಿ, ಪೆಟ್ರೋಲ್, ಆನ್‌ರೋಡ್ ಹತ್ತು ಲಕ್ಷದೊಳಗೆ. ನಾನು ಕೆಲಸದ ಮೇಲೆ ಆಗಾಗ ಬೆಂಗಳೂರಿಗೆ ಹೋಗ್ಬರ್ತೀನಿ, ಉಳಿದಂಗೆ ಊರೊಳಗೆ ಓಡಾಟ, ಹಬ್ಬ ಜಾತ್ರೆಗೆ ಮಧುಗಿರಿ ಕಡೆ ನಮ್ಮೂರಿಗೆ. ಮನೇಲಿ ಐದು ಜನ, ಅಪ್ಪಂಗೆ ಮಂಡಿನೋವು.

ನಿನ್ನೆ ಬಿ.ಎಚ್. ರೋಡಲ್ಲಿ ಒಂದು ಶೋರೂಮಿಗೆ ಹೋಗಿದ್ದೆ. ಸೇಲ್ಸ್ ಹುಡುಗ ಪಕ್ಕದಲ್ಲಿ ಕೂತು ಎಸಿ ಫುಲ್ ಇಟ್ಟು ಹಾಡು ಜೋರಾಗಿ ಹಾಕಿ ಬಟವಾಡಿ ತಂಕ ಕರ್ಕೊಂಡೋಗಿ ಯೂ ಟರ್ನ್ ಮಾಡ್ಸಿ ವಾಪಸ್ ಕರ್ಕೊಂಬಂದ, ದಾರೀಲಿ ಸನ್‌ರೂಫ್ ತೆಗ್ದು ಮುಚ್ಚಿ ತೋರ್ಸಿದ್ದೇ ಆಯ್ತು. ಹೆಂಗಿದೆ ಸಾರ್ ಗಾಡಿ ಅಂದ, ಚೆನ್ನಾಗಿದೆ ಅಂದೆ. ಏನ್ ಚೆನ್ನಾಗಿದೆ ಅಂತ ಮನೇಲಿ ಕೇಳಿದ್ರೆ ಹೇಳಕ್ಕೆ ಬರ್ಲಿಲ್ಲ. ಮ್ಯಾನ್ಯುಯಲ್ ತಗೊಳ್ಳೋದಾ ಎಎಂಟಿ (ಕ್ಲಚ್ ಪೆಡಲ್ ಇಲ್ದೆ ಗೇರ್ ತಾನೇ ಬದಲಾಗೋದು) ತಗೊಳ್ಳೋದಾ ಅನ್ನೋದೂ ತೀರ್ಮಾನ ಆಗಿಲ್ಲ. ಎಷ್ಟೊತ್ತು ಗಾಡಿ ಕೇಳ್ಬೋದು, ಓಡಿಸ್ವಾಗ ಏನೇನ್ ಗಮನಿಸ್ಬೇಕು, ಸ್ವಲ್ಪ ಹೇಳಿ ಪ್ಲೀಸ್.

ಕ್ಯಾತ್ಸಂದ್ರ_ಟೋಲ್‌ಗೇಟ್:

ಬಟವಾಡಿ ರೋಡಲ್ಲಿ ಯಾವ ಗಾಡೀನೂ ಚೆನ್ನಾಗೇ ಹೋಗತ್ತೆ ಗುರೂ, ಅವ್ರು ಆ ರೂಟ್ ಹಿಡಿಯೋದೇ ಅದಕ್ಕೆ. ದುಡ್ಡು ನಿಮ್ದು, ರೂಟ್ ನೀವು ಹೇಳ್ಬೇಕು. ಫೋನ್ ಮಾಡಿ ಗಾಡಿ ಮನೆ ಹತ್ರ ತರ್ಸಿ, ಈಗ ಹೆಚ್ಚು ಕಮ್ಮಿ ಎಲ್ಲಾ ಶೋರೂಮ್‌ನವ್ರೂ ತರ್ತಾರೆ, ಒಂದು ಗಂಟೆ ಬೇಕು ಅಂತ ಮೊದ್ಲೇ ಹೇಳ್ಬಿಡಿ. ಮನೆಗೇ ಯಾಕೆ ಅಂದ್ರೆ ನಿಮ್ಮ ಗೇಟಲ್ಲಿ ತೂರತ್ತಾ, ರ‍್ಯಾಂಪ್ ಹತ್ತೋವಾಗ ಮೂತಿ ತಾಗತ್ತಾ, ನಿಮ್ ಕ್ರಾಸಲ್ಲಿ ಎದುರಿಗೆ ಆಟೋ ಬಂದ್ರೆ ರಿವರ್ಸ್ ತಗೊಳ್ಳಕ್ಕೆ ಆಗತ್ತಾ, ಇದೆಲ್ಲ ಶೋರೂಮ್ ಮುಂದೆ ಗೊತ್ತಾಗಲ್ಲ.

ಮನೆಯವ್ರನ್ನ ಎಲ್ರನ್ನೂ ಹತ್ತಿಸ್ಕೊಳ್ಳಿ, ಐದೂ ಜನ. ಇದು ಮುಖ್ಯ. ಇಬ್ರು ಇದ್ದಾಗ ಹಂಪ್ ಸಲೀಸಾಗಿ ದಾಟೋ ಗಾಡಿ ಐದ್ ಜನ ಕೂತಾಗ ಹೊಟ್ಟೆ ಉಜ್ಕೊಂಡು ಹೋಗತ್ತೆ, ಆಮೇಲೆ 1.2 ಲೀಟರ್ ಇಂಜಿನ್ನು ಎಸಿ ಹಾಕ್ಕೊಂಡು ಅಷ್ಟು ತೂಕ ಎಳ್ಕೊಂಡು ಏರು ಹತ್ತೋವಾಗ ಎಷ್ಟು ಒದ್ದಾಡತ್ತೆ ಅನ್ನೋದು ಆಗ್ಲೇ ಗೊತ್ತಾಗೋದು. ಅಪ್ಪಂಗೆ ಮಂಡಿನೋವು ಅಂದ್ರಲ್ಲ, ಅವರು ಸುಮ್ನೆ ಒಂದ್ಸಲ ಕೂತು ಎದ್ರೆ ಸಾಲ್ದು. ಎರಡ್ಮೂರು ಸಲ ಹತ್ತಿ ಇಳೀಲಿ, ಹಿಂದೆನೂ ಮುಂದೆನೂ. ಸೀಟು ತೀರ ತಗ್ಗಿದ್ರೆ ಏಳಕ್ಕೆ ಕಷ್ಟ, ತೀರ ಎತ್ತರ ಇದ್ರೆ ಕಾಲೆತ್ತಕ್ಕೆ ಕಷ್ಟ. ಇಪ್ಪತ್ತು ನಿಮಿಷ ಹಿಂದಿನ ಸೀಟಲ್ಲಿ ನೀವೂ ಕೂತ್ಕೊಳ್ಳಿ, ಬೇರೆಯವ್ರು ಓಡಿಸ್ಲಿ.

ಮತ್ತೆ ಸ್ಟೀರಿಯೋ ಆಫ್ ಮಾಡ್ಸಿ. ಹಾಡು ಹಾಕೋದೇ ಸದ್ದು ಕೇಳಿಸ್ಬಾರ್ದು ಅಂತ. ಗುಂಡೀಲಿ ಇಳಿದಾಗ ದಡ್ ಅನ್ನತ್ತಾ ಇಲ್ಲಾ ಮೆತ್ತಗೆ ಇಳಿಯತ್ತಾ, ಡ್ಯಾಶ್‌ಬೋರ್ಡ್ ಕಟಕಟ ಅನ್ನತ್ತಾ ಅಂತ ಕಿವಿಗೊಟ್ಟು ಕೇಳಿ. ಬೆಳಿಗ್ಗೆ ಮೊದಲ್ನೇ ಸ್ಲಾಟ್ ಕೇಳಿದ್ರೆ ಇಂಜಿನ್ ತಣ್ಣಗಿದ್ದಾಗ ಹೆಂಗೆ ಸ್ಟಾರ್ಟ್ ಆಗತ್ತೆ, ಎಷ್ಟು ಅದುರತ್ತೆ ನೋಡ್ಬೋದು.

ಹೈವೇಗೂ ಹೋಗಿ. ಟಾಪ್ ಸ್ಪೀಡ್ ನೋಡಕ್ಕಲ್ಲ. 60ರಲ್ಲಿ ಲಾರಿ ಹಿಂದೆ ಹೋಗ್ತಾ ಇದ್ದು ಖಾಲಿ ಸಿಕ್ಕಾಗ 80, 90ಕ್ಕೆ ಎಷ್ಟು ಬೇಗ ಬರತ್ತೆ, ಗೇರ್ ಇಳಿಸ್ಲೇಬೇಕಾ, ಅದನ್ನ ನೋಡಿ. ನೀವು ಬೆಂಗಳೂರಿಗೆ ಹೋಗ್ವಾಗ ದಾರಿಯುದ್ದ ಮಾಡೋದೇ ಅದು ತಾನೇ. ಹಿಂದೆ ಯಾರೂ ಇಲ್ಲದಿದ್ದಾಗ ಪಕ್ಕದಲ್ಲಿ ಕೂತವರಿಗೆ ಹೇಳಿ ಒಂದ್ಸಲ ಜೋರಾಗಿ ಬ್ರೇಕ್ ಹಾಕಿ, ಗಾಡಿ ನೇರ ನಿಲ್ಬೇಕು, ಒಂದ್ಕಡೆ ಎಳೀಬಾರ್ದು.

ಗುಬ್ಬಿ_ಪ್ಯಾಸೆಂಜರ್:

ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಐದ್ ಜನ ಮನೆಯವ್ರು ಹತ್ತಿದ್ಮೇಲೆ ಸೇಲ್ಸ್ ಹುಡುಗನ್ನ ಎಲ್ಲಿ ಕೂರ್ಸೋದು ಸ್ವಾಮಿ, ಡಿಕ್ಕೀಲಾ? ನಾಲ್ಕು ಜನ ಹತ್ತಿ, ಅವನನ್ನೇ ಐದನೆಯವ್ನು ಅನ್ಕೊಳ್ಳಿ. ತೂಕ ತೂಕವೇ.

ಗೇರ್_ರಾಜಣ್ಣ:

ಎಎಂಟಿ ಬಗ್ಗೆ ಕೇಳಿದ್ರಿ. ಅದು ಮಾಮೂಲಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ ಕಣ್ರಿ, ಕ್ಲಚ್ ಒತ್ತೋದು ಗೇರ್ ಹಾಕೋದು ನಿಮ್ ಬದ್ಲು ಮೆಷೀನ್ ಮಾಡತ್ತೆ ಅಷ್ಟೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂತಲ್ಲ ಅದೇ ಐಡಿಯಾ, ಅವರು ಎಜಿಎಸ್ ಅಂತ ಹೆಸರಿಟ್ಟಿದಾರೆ. ಸಿವಿಟಿ, ಟಾರ್ಕ್ ಕನ್ವರ್ಟರ್ ಅಂತ ಬೇರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬರತ್ತಲ್ಲ, ಅವುಗಳ ಥರ ನುಣ್ಣಗೆ ಇರಲ್ಲ, ಗೇರ್ ಬದಲಾಗೋವಾಗ ಒಂದು ಗಳಿಗೆ ಎಳೆತ ನಿಂತು ತಲೆ ಮುಂದಕ್ಕೆ ತೂಗತ್ತೆ. ಕೆಲವ್ರಿಗೆ ಅದು ಗೊತ್ತೇ ಆಗಲ್ಲ, ಕೆಲವ್ರಿಗೆ ತಲೆಕೆಡತ್ತೆ. ನೀವು ಯಾವ ಜಾತಿ ಅಂತ ಓಡಿಸೇ ನೋಡ್ಬೇಕು. ಎಕ್ಸಿಲರೇಟರ್ ಒಂದೇ ಸಮ ತುಳಿದು ಒಂದ್ಸಲ, ಗೇರ್ ಬದಲಾಗೋ ಹೊತ್ತಿಗೆ ಕಾಲು ಸ್ವಲ್ಪ ಸಡಿಲ ಬಿಟ್ಟು ಇನ್ನೊಂದ್ಸಲ ಓಡ್ಸಿ, ಎರಡಕ್ಕೂ ವ್ಯತ್ಯಾಸ ಗೊತ್ತಾಗತ್ತೆ.

ಮುಖ್ಯವಾದ ಪರೀಕ್ಷೆ ಏರಲ್ಲಿ. ಸಾಧ್ಯ ಆದ್ರೆ ದೇವರಾಯನದುರ್ಗಕ್ಕೆ ತಗೊಂಡೋಗಿ, ಭೋಗನರಸಿಂಹನ ಗುಡಿ ದಾಟಿ ಮೇಲಕ್ಕೆ ಹೋಗೋ ರಸ್ತೆ. ಅಷ್ಟು ದೂರ ಬಿಡಲ್ಲ ಅಂದ್ರೆ ಶೆಟ್ಟಿಹಳ್ಳಿ ಅಂಡರ್‌ಪಾಸ್ ಇದ್ಯಲ್ಲ, ಇಳಿದು ಮೇಲೆ ಬರೋ ಜಾಗದಲ್ಲಿ ಹಿಂದೆ ಗಾಡಿ ಇಲ್ದಾಗ ಅರ್ಧದಲ್ಲಿ ನಿಲ್ಸಿ ಬ್ರೇಕ್ ಬಿಟ್ಟು ಎಕ್ಸಿಲರೇಟರ್ ಒತ್ತಿ. ಹಿಲ್ ಹೋಲ್ಡ್ ಇದ್ರೆ ಒಂದೆರಡು ಸೆಕೆಂಡ್ ಹಿಡ್ಕೊಳತ್ತೆ, ಇಲ್ದಿದ್ರೆ ಹಿಂದಕ್ಕೆ ಜಾರತ್ತೆ. ಹಿಲ್ ಹೋಲ್ಡ್ ಯಾವ ವೇರಿಯಂಟಿಂದ ಕೊಡ್ತಾರೆ ಅಂತ ಬ್ರೋಷರ್ ನೋಡಿ, ಎಲ್ಲದ್ರಲ್ಲೂ ಇರಲ್ಲ. ಟ್ರಾಫಿಕ್ಕಲ್ಲಿ ಬ್ರೇಕ್ ಬಿಟ್ಟಾಗ ಮೆಲ್ಲಗೆ ತೆವಳತ್ತಾ ಎಗರತ್ತಾ ಅದನ್ನೂ ನೋಡಿ. ಸಂಜೆ ಹೊತ್ತು ಬೆಂಗಳೂರಿನ ಗೊರಗುಂಟೆಪಾಳ್ಯದಲ್ಲಿ ಸಿಕ್ಕಾಕ್ಕೊಂಡ್ರೆ ಕ್ಲಚ್ ತುಳಿಯೋ ಎಡಗಾಲಿನ ಕಷ್ಟ ನಿಮಗೇ ಗೊತ್ತಿರತ್ತೆ, ಅದಕ್ಕೋಸ್ಕರ ಸ್ವಲ್ಪ ತಲೆ ತೂಗಿದ್ರೂ ಪರ್ವಾಗಿಲ್ಲ ಅನ್ನೋನು ನಾನು. ಒಂದೇ ದಿನ ಮ್ಯಾನ್ಯುಯಲ್ಲೂ ಎಎಂಟೀನೂ ಒಂದೇ ರೂಟಲ್ಲಿ ಓಡ್ಸಿ, ಬೇರೆ ಬೇರೆ ದಿನ ಓಡ್ಸಿದ್ರೆ ಹೋಲ್ಸಕ್ಕೆ ಆಗಲ್ಲ.

ಸಿರಾಗೇಟ್_ಸೊಸೆ:

ಎಲ್ಲಾ ಗಂಡಸ್ರೇ ಮಾತಾಡ್ತಾ ಇದೀರಿ. ಉಪ್ಪಾರಹಳ್ಳಿಯವ್ರೇ, ಮನೇಲಿ ಹೆಣ್ಮಕ್ಕಳು ಓಡ್ಸೋದಿದ್ರೆ ಅವ್ರ ಕೈಗೂ ಸ್ಟೀರಿಂಗ್ ಕೊಡಿ, "ಆಮೇಲೆ ಕಲ್ತ್ಕೊಳ್ತಾಳೆ ಬಿಡು" ಅಂತ ಅಲ್ಲ. ನನ್ನ ಎತ್ತರ ಐದಡಿ, ಸೀಟ್ ಮುಂದೆ ಎಳ್ಕೊಂಡ್ರೆ ಎದೆ ಸ್ಟೀರಿಂಗಿಗೆ ಹತ್ರ ಆಗತ್ತೆ, ಹಿಂದೆ ತಳ್ಳಿದ್ರೆ ಕ್ಲಚ್ ಪೂರ್ತಿ ಒತ್ತಕ್ಕಾಗಲ್ಲ. ಸೀಟ್ ಮೇಲೆ ಕೆಳಗೆ ಮಾಡೋ ಸೌಲಭ್ಯ ಇದ್ರೆ ಜೀವ ಉಳಿಯತ್ತೆ, ಅದೂ ಕೆಳಗಿನ ವೇರಿಯಂಟಲ್ಲಿ ಇರಲ್ಲ ಎಷ್ಟೋ ಗಾಡೀಲಿ. ಮುಂದಿನ ಗಾಜಿನ ಪಕ್ಕದ ಕಂಬ ದಪ್ಪ ಇದ್ರೆ ಬಲಕ್ಕೆ ತಿರುಗ್ವಾಗ ಸ್ಕೂಟರ್‌ನವ್ರು ಪೂರ್ತಿ ಮರೆ ಆಗ್ತಾರೆ, ಟೌನ್‌ಹಾಲ್ ಸರ್ಕಲ್ಲಲ್ಲಿ ಒಂದು ರೌಂಡ್ ಹಾಕಿ ನೋಡಿ.

ಇನ್ನೊಂದು, ನಾನು ಏನೇ ಪ್ರಶ್ನೆ ಕೇಳಿದ್ರೂ ಸೇಲ್ಸ್‌ನವ್ರು ಉತ್ರ ನಮ್ ಯಜಮಾನ್ರಿಗೆ ಕೊಡ್ತಿದ್ರು! ಯಜಮಾನ್ರಿಗೆ ಲೈಸೆನ್ಸೇ ಇಲ್ಲ.

ಮಾಜಿ_ಶೋರೂಮ್:

ನಾನು ಕೆಲವು ವರ್ಷ ಸೇಲ್ಸಲ್ಲಿದ್ದೆ, ಯಾವ ಕಂಪನಿ ಅಂತ ಕೇಳ್ಬೇಡಿ. ನಮ್ಮೋರ ಪರವಾಗಿ ಒಂದ್ಮಾತು. ದಿನಕ್ಕೆ ಎಷ್ಟೋ ಜನ ಬರ್ತಾರೆ, ಸುಮ್ನೆ ಜಾಲಿಗೆ ಓಡ್ಸೋರೂ ಇರ್ತಾರೆ, ಅದಕ್ಕೇ ಹುಡುಗ್ರು ಚಿಕ್ಕ ರೌಂಡಲ್ಲಿ ಮುಗಿಸ್ತಾರೆ. ತಗೊಳ್ಳೋದು ಗ್ಯಾರಂಟಿ, ಈ ಎರಡು ಗಾಡೀಲಿ ಒಂದು ಅಂತ ಹೇಳಿ, ವಾರದ ಮಧ್ಯೆ ಬೆಳಿಗ್ಗೆ ಬನ್ನಿ. ಶನಿವಾರ ಭಾನುವಾರ, ತಿಂಗಳ ಕೊನೆ ಬೇಡ, ಟಾರ್ಗೆಟ್ ತಲೆನೋವಲ್ಲಿ ಯಾರೂ ನಿಮಗೆ ಟೈಮ್ ಕೊಡಲ್ಲ. ಡಿಎಲ್ ಒರಿಜಿನಲ್ ತನ್ನಿ ಇಲ್ಲಾ ಡಿಜಿಲಾಕರಲ್ಲಿ ಇರ್ಲಿ, ಬರೀ ಎಲ್‌ಎಲ್ (ಕಲಿಯೋರ ಲೈಸೆನ್ಸ್) ಇದ್ರೆ ಸ್ಟೀರಿಂಗ್ ಕೊಡಲ್ಲ.

ಈಗ ನಿಮ್ ಪರವಾಗಿ. ಡೆಮೊ ಗಾಡಿ ಹೆಚ್ಚಾಗಿ ಟಾಪ್ ಮಾಡೆಲ್ ಇರತ್ತೆ. ನೀವು ತಗೊಳ್ಳೋದು ಮಧ್ಯದ್ದು. ಚಕ್ರದ ಸೈಜ್ ಬೇರೆ, ಟೈರ್ ಬೇರೆ ಅಂದ್ರೆ ಗುಂಡಿ ಮೇಲೆ ಹೋಗೋ ರೀತಿನೂ ಬೇರೆ, ರಿವರ್ಸ್ ಕ್ಯಾಮೆರಾ, ಹಿಂದಿನ ವೈಪರ್ ಇರ್ದೇನೂ ಇರ್ಬೋದು. ಆದ್ದರಿಂದ ಕ್ಯಾಮೆರಾ ನೋಡ್ದೆ ಕನ್ನಡೀಲೇ ಒಂದ್ಸಲ ಪಾರ್ಕ್ ಮಾಡಿ ನೋಡಿ. ಇಂಜಿನ್ನು, ಗೇರ್‌ಬಾಕ್ಸ್ ಮಾತ್ರ ನೀವು ತಗೊಳ್ಳೋದೇ ಇರ್ಲೇಬೇಕು. ಟರ್ಬೊ ಗಾಡಿ ಓಡ್ಸಿ ಮಾಮೂಲಿ ಪೆಟ್ರೋಲ್ ಬುಕ್ ಮಾಡಿ ಆಮೇಲೆ ಪಿಕಪ್ ಇಲ್ಲ ಅಂತ ಜಗಳಕ್ಕೆ ಬಂದೋರನ್ನ ನೋಡಿದೀನಿ.

ಟೈರ್ ಗಾಳಿ ನೋಡ್ದೆ ಸಸ್ಪೆನ್ಷನ್ ಬಗ್ಗೆ ತೀರ್ಮಾನ ಮಾಡ್ಬೇಡಿ. ಡ್ರೈವರ್ ಬಾಗ್ಲು ತೆಗೆದ್ರೆ ಪಕ್ಕದ ಕಂಬದಲ್ಲಿ ಸ್ಟಿಕ್ಕರ್ ಇರತ್ತೆ, ಎಷ್ಟು ಗಾಳಿ ಇರ್ಬೇಕು ಅಂತ. ಜಾಸ್ತಿ ತುಂಬ್ಸಿದ್ರೆ ಒಳ್ಳೆ ಗಾಡೀನೂ ಕುಲುಕತ್ತೆ. ದಾರೀಲಿ ಪೆಟ್ರೋಲ್ ಬಂಕ್ ಹತ್ರ ನಿಲ್ಸಿ ಚೆಕ್ ಮಾಡ್ಸಿ. ಕ್ಲಚ್ ಗಟ್ಟಿ ಅನ್ನಿಸಿದ್ರೆ ಒಂದೇ ಡೆಮೊ ಮೇಲೆ ಬೇಡ ಅನ್ಬೇಡಿ, ನೂರಾರು ಜನ ತುಳಿದಿರ್ತಾರೆ. ಡಿಸ್‌ಪ್ಲೇಲಿ ಬರೋ ಮೈಲೇಜ್ ನೋಡಿ ಬೇಜಾರಾಗೋದೂ ಬೇಡ, ಎಸಿ ಹಾಕಿ ನಿಲ್ಸಿರೋದೆಲ್ಲ ಅದ್ರಲ್ಲಿ ಸೇರಿರತ್ತೆ.

ಸೇಫ್ಟಿ ಮಾತ್ರ ಓಡ್ಸಿ ನೋಡಿದ್ರೆ ಗೊತ್ತಾಗಲ್ಲ. 2023ರ ಅಕ್ಟೋಬರ್ 1ರಿಂದ ಗಾಡಿ ಗುದ್ದಿಸಿ ನೋಡಿ ಸ್ಟಾರ್ ಕೊಡೋ ನಮ್ದೇ ಭಾರತ್ ಎನ್‌ಕ್ಯಾಪ್ ಶುರುವಾಗಿದೆ, ನಿಮ್ ಗಾಡಿಗೆ ಸ್ಟಾರ್ ಎಷ್ಟು ಬಂದಿದೆ ಅಂತ ಹುಡುಕಿ, ದೊಡ್ಡೋರ್ದು ಮಕ್ಳದ್ದು ಬೇರೆ ಬೇರೆ ರೇಟಿಂಗ್ ಇರತ್ತೆ.

ಉಪ್ಪಾರಹಳ್ಳಿ_ಹುಡುಗ:

ಅಬ್ಬಾ, ಇಷ್ಟೊಂದು ಬರತ್ತೆ ಅನ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸಿರಾಗೇಟ್ ಅಕ್ಕ, ನಮ್ ತಂಗೀನೂ ಓಡಿಸ್ತಾಳೆ, ಅವಳನ್ನೂ ಕರ್ಕೊಂಡೋಗ್ತೀನಿ. ಬುಧವಾರ ಬೆಳಿಗ್ಗೆ ಮನೆಗೆ ತರ್ಸಕ್ಕೆ ಹೇಳಿದೀನಿ, ಮ್ಯಾನ್ಯುಯಲ್ಲು ಎಎಂಟಿ ಎರಡೂ. ದುರ್ಗಕ್ಕೆ ಬಿಡಲ್ಲ ಅಂದ್ರು, ಅಂಡರ್‌ಪಾಸೇ ಗತಿ. ಒಂದು ಡೌಟು, ಓಡ್ಸಿದ್ಮೇಲೆ ಅಲ್ಲೇ ಬುಕಿಂಗ್ ಮಾಡಿ ಸಾರ್ ಇವತ್ತು ಆಫರ್ ಇದೆ ಅಂತಾರೆ, ಏನ್ ಹೇಳ್ಲಿ?

ಮಾಜಿ_ಶೋರೂಮ್:

ಆಫರ್ ಏನೇನು ಅಂತ ಕೊಟೇಶನಲ್ಲಿ ಬರೆದು ಸೀಲ್ ಹಾಕ್ಕೊಡಿ, ರಾತ್ರಿ ಇನ್ನೊಂದು ರೌಂಡ್ ಓಡ್ಸಿ ಹೇಳ್ತೀನಿ ಅನ್ನಿ. ಹೆಡ್‌ಲೈಟ್ ಬೆಳಕು ಹಗಲು ಗೊತ್ತಾಗಲ್ಲ, ಮಧುಗಿರಿ ರಸ್ತೇಲಿ ಬೀದಿದೀಪ ಇಲ್ಲದ ಕಡೆ ಅದೇ ನೋಡ್ಬೇಕಾಗಿರೋದು. ಕೊಡ್ತಾರೆ, ಕೇಳಿ.