ಅಪ್‌ಡೇಟ್: ಮಾವಿನ ಕೊಂಬೆಯ ಬಿಳಿ ಅಣಬೆ ಯಾವುದೆಂದು ಗೊತ್ತಾಯಿತು

ಕೊಪ್ಪಳದ ತೋಟದಲ್ಲಿ ಒಣಗಿದ ಮಾವಿನ ಕೊಂಬೆ ಮೇಲೆ ಬೀಸಣಿಗೆಯಂಥ ಸಣ್ಣ ಬಿಳಿ ಅಣಬೆ ಬಂದಿದೆ, ಯಾವುದಿದು, ಮರಕ್ಕೆ ಅಪಾಯವೇ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ. ಇದು ಸ್ಕಿಜೋಫಿಲಮ್ ಕಮ್ಯೂನ್.

ಅಗಲ 1ರಿಂದ 4 ಸೆಂ.ಮೀ., ಮೇಲ್ಮೈ ಬೂದುಬಿಳಿ, ತುಂಬ ರೋಮ. ಕಾಂಡ ಇಲ್ಲವೆನ್ನುವಷ್ಟು ಕಡಿಮೆ. ಗುರುತು ಖಚಿತವಾಗುವುದು ಅಡಿಭಾಗದಲ್ಲಿ: ಅಲ್ಲಿನ ಪ್ರತಿ ಮಡಿಕೆಯ ಅಂಚು ಉದ್ದಕ್ಕೆ ಎರಡಾಗಿ ಸೀಳಿರುತ್ತದೆ. ಭೂತಗನ್ನಡಿ ಸಾಕು. ಬಿಸಿಲಿಗೆ ಆ ಸೀಳುಗಳು ಒಳಕ್ಕೆ ಸುರುಳಿಯಾಗಿ ಬೀಜಕ (ಅಣಬೆಯ ಬೀಜದಂಥ ಸೂಕ್ಷ್ಮ ಕಣ) ಹುಟ್ಟುವ ಮೈಯನ್ನು ಮುಚ್ಚಿಕೊಳ್ಳುತ್ತವೆ, ಮಳೆ ಬಿದ್ದರೆ ಮತ್ತೆ ಬಿಚ್ಚುತ್ತವೆ. ನಮ್ಮ ಸೀಮೆಯ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು!

ಬೀಜಕದ ಬಣ್ಣ ನೋಡಬೇಕೆಂದರೆ, ಒಣಗಿದ ಅಣಬೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅರಳಿದ ಮೇಲೆ ಮಡಿಕೆ ಕೆಳಗೆ ಬರುವಂತೆ ಕಪ್ಪು ಕಾಗದದ ಮೇಲಿಟ್ಟು, ಲೋಟ ಬೋರಲು ಹಾಕಿ ಒಂದು ರಾತ್ರಿ ಬಿಡಿ. ಬೀಜಕದ ಪುಡಿ ಬಿಳಿ. ಬಿಳಿ ಕಾಗದದ ಮೇಲೆ ಕಾಣದೆ ಹೋಗುತ್ತದೆ, ಹಲವರು ತಪ್ಪುವುದು ಇಲ್ಲೇ. ಮೂಗಿನ ಹತ್ತಿರ ತರಬೇಡಿ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಇದರಿಂದ ಸೈನಸ್, ಶ್ವಾಸಕೋಶದ ಸೋಂಕು ತಗುಲಿದ್ದುಂಟು.

ಮರದ ವಿಷಯ: ಇದು ಮುಖ್ಯವಾಗಿ ಸತ್ತ ಮರವನ್ನೇ ಕೊಳೆಸುತ್ತದೆ. ಜೀವಂತ ಮರಕ್ಕೆ ಹೊಗುವುದು ಗಾಯದಿಂದ, ಬಿಸಿಲಿಗೆ ಸುಟ್ಟ ತೊಗಟೆಯಿಂದ. ಹಾಗಾಗಿ ಅಣಬೆ ಕಿತ್ತರೆ ಪ್ರಯೋಜನವಿಲ್ಲ, ಶಿಲೀಂಧ್ರದ ಎಳೆಗಳು ಒಳಗೇ ಉಳಿಯುತ್ತವೆ. ಒಣ ಕೊಂಬೆಯನ್ನು, ಅದು ಮರಕ್ಕೆ ಸೇರುವಲ್ಲಿರುವ ಉಬ್ಬಿಗೆ ತಾಗದಂತೆ, ಅದರ ಹೊರಗೆ ಸರಿಯಾಗಿ ಕತ್ತರಿಸಿ. ಉಬ್ಬನ್ನೇ ಕೊಯ್ದರೆ ಗಾಯ ಮುಚ್ಚುವುದು ತಡ. ಬಿಸಿಲು ಬೀಳುವ ಕಾಂಡಕ್ಕೆ ಸುಣ್ಣ ಬಳಿಯಿರಿ.